ವಲ್ಲಿಯ ಕೆಳಗಿನ ಐದು ಬೆರಳು

ಈ ಜನ್ಮದಲ್ಲಿ ನಾನು ಕೊಂಡ ಒಂದೇ ಒಂದು ಎಮ್ಮೆಯನ್ನು ಕೈಕುಲುಕಿ ಕೊಂಡೆ.

ಹಾವೇರಿಯ ಗುರುವಾರದ ದನದ ಪೇಟೆಗೆ ಬ್ಯಾಡಗಿಯ ಡಾಕಪ್ಪ ಎಂಬ ದಲ್ಲಾಳಿಯನ್ನು ಹುಡುಕಿಕೊಂಡು ಹೋಗಿದ್ದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಫೈಲು. ನನ್ನನ್ನು ನೋಡಿ ಎತ್ತುಗಳು ಕೂಡ ಮೆಲುಕು ಹಾಕುವುದನ್ನು ನಿಲ್ಲಿಸಿದ್ದವು. ಯಾರೋ ಬೆರಳು ಮಾಡಿ ತೋರಿಸಿದ ಕಡೆ ಒಬ್ಬ ಒಣಕಲು ಮನುಷ್ಯ ನಿಂತಿದ್ದ, ಹೆಗಲ ಮೇಲೆ ಕೆಂಪಂಚಿನ ವಲ್ಲಿ. ನಾನು ನಮಸ್ಕಾರ ಹೇಳಿ ಕೈ ಚಾಚಿದೆ. ಆತ ನನ್ನ ಮುಖ ನೋಡದೆ ಹೆಗಲಿನ ವಲ್ಲಿಯನ್ನು ಎಳೆದು ನನ್ನ ಕೈಯ ಮೇಲೆ ಹೊದಿಸಿ, ಅದರ ಕೆಳಗೆ ನನ್ನ ನಾಲ್ಕು ಬೆರಳು ಹಿಡಿದು ಅಮುಕಿದ. ಬ್ಯಾಡಗಿ ಕಡೆಯವರ ಕೈಕುಲುಕುವ ಪದ್ಧತಿಯೇ ಹೀಗಿರಬೇಕೆಂದು ನಾನೂ ಅಷ್ಟೇ ಪ್ರೀತಿಯಿಂದ ತಿರುಗಿ ಅಮುಕಿದೆ.

"ಮುಗೀತು," ಎಂದು ಪಕ್ಕದವನೊಬ್ಬ ಎಮ್ಮೆಯ ಹಗ್ಗವನ್ನು ನನ್ನ ಇನ್ನೊಂದು ಕೈಗೆ ಕೊಟ್ಟ.

"ಎಮ್ಮಿ ಹೊಡಕೊಂಡು ಹೋಗ್ರಿ ಸರ, ಹಗ್ಗ ಮಾತ್ರ ನಂದು," ಎಂದ ಡಾಕಪ್ಪ. "ದನಾ ಮಾರತೇವಿ, ಹಗ್ಗ ಮಾರಂಗಿಲ್ಲ. ಇನ್ನೊಂದು ಮಾತು. ಇದು ಎರಡು ವರ್ಷದಿಂದ ಗಬ್ಬ ಆಗಿಲ್ಲ. ಈಗ ಹೇಳಾಕ ಅಡ್ಡಿಯಿಲ್ಲ, ವ್ಯಾಪಾರ ಆತಲ್ಲ."

"ನಾ ಎಮ್ಮಿ ತಗೊಳಾಕ ಬಂದಿಲ್ಲರಿ. ನಿಮ್ಮ ಮಗಳ ಸುದ್ದಿ ಕೇಳಾಕ ಬಂದೇನಿ."

ಸುತ್ತ ನಿಂತವರಿಗೆ ಎಮ್ಮೆಗಿಂತ ಇದು ರುಚಿಯಾಯಿತು. "ಡಾಕಪ್ಪಾ, ಎಮ್ಮಿ ಹಾಲು ಕೊಡಂಗಿಲ್ಲ, ಮಗಳು ಮಾತು ಕೊಡಂಗಿಲ್ಲ. ಒಂದ ಮನಿ ಮಾಲು ನೋಡು," ಎಂದಿತು ಒಂದು ದನಿ. ಎಲ್ಲರಿಗಿಂತ ಜೋರಾಗಿ ನಕ್ಕವನು ಡಾಕಪ್ಪನೇ. ನಿಮ್ಮ ಮಾಲಿನ ಐಬನ್ನು ಬೇರೆಯವರು ಹೇಳಿದಾಗ ನಕ್ಕುಬಿಡಬೇಕು, ಸಿಟ್ಟಾದರೆ ಐಬು ಖರೇ ಎಂದಾಗುತ್ತದೆ. ಇದು ಪೇಟೆಯ ಪಾಠ. ನನಗದು ಆಗ ಗೊತ್ತಿರಲಿಲ್ಲ. ಎಂಥ ಅಪ್ಪನಪ್ಪ ಇವನು ಎಂದು ಹುಬ್ಬು ಗಂಟಿಕ್ಕಿಕೊಂಡು, ಒಂದು ಕಪ್ ಚಹಾದ ದಂಡ ತೆತ್ತು ಎಮ್ಮೆಯಿಂದ ಬಿಡಿಸಿಕೊಂಡೆ.

ಇನ್ನು ನಾನಲ್ಲಿಗೆ ಯಾಕೆ ಹೋದೆನೆಂಬುದು. ನನ್ನ ಕಸುಬು ಕಾಲೇಜಿನಲ್ಲಿ ಕನ್ನಡ ಪಾಠ, ಚಟ ನಗೆಬರಹ. ಎರಡರಲ್ಲೂ ಎದುರಿಗಿದ್ದವರು ಆಕಳಿಸುತ್ತಾರೆ. ರಾಣೆಬೆನ್ನೂರಿನಲ್ಲಿ ಒಂದು ಸಂಸ್ಥೆಯವರು ಆಟಿಸಂ ಇರುವ ಮಕ್ಕಳಿಗಾಗಿ ಹಗಲು ಶಾಲೆ ತೆಗೆಯುವವರಿದ್ದರು. ಸೀಟು ಕೆಲವೇ, ಮಕ್ಕಳು ಬಹಳ. ಅರ್ಧಕ್ಕೆ ಬಿಡಿಸಿಕೊಂಡು ಹೋಗುವ ತಂದೆತಾಯಿಗಳಿಗೆ ಸೀಟು ಕೊಟ್ಟು ಕೆಡಿಸುವುದು ಬೇಡವೆಂದು, ಮೊದಲು ಪಾಲಕರನ್ನು ಅಳೆಯುವುದೆಂದು ಅವರು ಠರಾಯಿಸಿದರು. ತಮ್ಮ ಮಗುವಿನ ಆಟಿಸಮ್ಮನ್ನು ಹೆತ್ತವರು ಹೇಗೆ ಕಾಣುತ್ತಾರೆ? ಅದಕ್ಕೊಂದು ಅಳತೆಗೋಲು ಇತ್ತು, ಇಂಗ್ಲಿಷಿನಲ್ಲಿ. ಒಂದೊಂದು ವಾಕ್ಯಕ್ಕೂ ಒಂದರಿಂದ ಐದರವರೆಗೆ ಅಂಕಿ. ಒಂದೆಂದರೆ ಸುತರಾಂ ಒಪ್ಪುವುದಿಲ್ಲ, ಐದೆಂದರೆ ಪೂರಾ ಒಪ್ಪುತ್ತೇನೆ. ಅಳೆಯುವ ಕೆಲಸಕ್ಕೆ ಹಾವೇರಿಯ ಸಲ್ಮಾ ಮೇಡಂ ಇದ್ದರು, ಮನಃಶಾಸ್ತ್ರ ಓದಿದವರು. ಕನ್ನಡ ಮಾಡುವ ಕೆಲಸ ನನಗೆ ಬಂತು.

"ನನ್ನ ಮಗುವಿನ ಸ್ಥಿತಿಯು ದೀರ್ಘಕಾಲಿಕವೆಂಬುದು ನನ್ನ ಗ್ರಹಿಕೆಯಾಗಿರುತ್ತದೆ" ಎಂಬಂಥ ವಾಕ್ಯಗಳನ್ನು ಬರೆದುಕೊಟ್ಟೆ. ಸಲ್ಮಾ ಮೇಡಂ ಓದಿ ಹಾಳೆ ಮಡಚಿ, "ಸರ, ಮನಿ ಮನಿಗೆ ನೀವೂ ಬರ್ರಿ. ಇದನ್ನ ಕನ್ನಡದಾಗ ಹೇಳಾಕ ಒಬ್ಬರು ಬೇಕಾಗತಾರ," ಎಂದರು.

ಡಾಕಪ್ಪ ಬ್ಯಾಡಗಿಯವನು, ಅಪ್ಪನ ಕಾಲದಿಂದ ದಲ್ಲಾಳಿ. ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಸಂತೆಗಳನ್ನು ವಾರವಿಡೀ ಸುತ್ತುತ್ತಾನೆ. ಜೀವಮಾನದಲ್ಲಿ ಅವನು ವ್ಯಾಪಾರದ ಒಂದು ಅಂಕಿಯನ್ನೂ ಬಾಯಿಬಿಟ್ಟು ಹೇಳಿದ್ದನ್ನು ಕೇಳಿದವರಿಲ್ಲ. ಕೊಳ್ಳುವವನ ಬೆರಳು, ಮಾರುವವನ ಬೆರಳು, ನಡುವೆ ಇವನ ವಲ್ಲಿ. ಬಾಯಿಂದ ಬಂದ ದರ ಊರಿನ ಪಾಲಾಗುತ್ತದೆ, ಬೆರಳಿನ ದರ ಇಬ್ಬರಲ್ಲೇ ಉಳಿಯುತ್ತದೆ ಎಂಬುದು ಅವನ ನಂಬಿಕೆ. ಅವನ ಮದುವೆಯ ಮಾತುಕತೆ ಕೂಡ ಹೊಸರಿತ್ತಿಯಲ್ಲಿ ಮಾವನ ಪಡಸಾಲೆಯ ಮೇಲೆ ವಲ್ಲಿಯ ಕೆಳಗೇ ಆಯಿತಂತೆ. ಮೇಲುಗಡೆ ಇಬ್ಬರೂ ಮಳೆಯ ಬಗ್ಗೆ ಮಾತಾಡುತ್ತಿದ್ದರಂತೆ. ಊಟಕ್ಕೆ ಕುಳಿತಾಗ ರೊಟ್ಟಿ ಎಷ್ಟು ಎಂದು ಹೆಂಡತಿ ಪ್ರೇಮವ್ವ ಕೇಳಿದರೆ ವಲ್ಲಿ ಹೊದಿಸಿದ ಕೈ ಚಾಚುತ್ತಾನೆ. ಆಕೆ ಅದರೊಳಗೆ ಬೆರಳು ಮುಟ್ಟಿ ನೋಡಿ ರೊಟ್ಟಿ ಹಾಕುತ್ತಾಳೆ. ನೋಡಿದವರು ಸರಸವೆಂದುಕೊಳ್ಳಬೇಕು. ಎರಡು ಎಂದು ತೋರಿಸಿ, ಚೌಕಾಸಿಯಲ್ಲಿ ಮೂರು ತಿನ್ನುವ ಉಪಾಯವದು.

ಇವರಿಗೆ ಒಬ್ಬಳೇ ಮಗಳು, ಸುಶ್ಮಿತಾ. ಒಂಬತ್ತು ವರ್ಷ. ಮಾತಿಲ್ಲ. ಕರೆದರೆ ತಿರುಗುವುದಿಲ್ಲ. ಮಿಕ್ಸರ್ ಸದ್ದಿಗೆ ಕಿವಿ ಮುಚ್ಚಿಕೊಂಡು ಹಣೆಯನ್ನು ಗೋಡೆಗೆ ಕುಟ್ಟುತ್ತಾಳೆ. ಏನಾದರೂ ಬೇಕಾದರೆ ಹತ್ತಿರವಿದ್ದವರ ಮಣಿಕಟ್ಟು ಹಿಡಿದು, ಅವರ ಕೈಯನ್ನು ಒಯ್ದು ಆ ವಸ್ತುವಿನ ಮೇಲೆ ಇಡುತ್ತಾಳೆ. ನೀರು ಬೇಕಾದರೆ ನಿಮ್ಮ ಕೈ ಕೊಡದ ಮೇಲೆ, ಹೊರಗೆ ಹೋಗಬೇಕಾದರೆ ನಿಮ್ಮ ಕೈ ಚಿಲಕದ ಮೇಲೆ. ಮುಖ ಮಾತ್ರ ನೋಡುವುದಿಲ್ಲ. ದೇವರಗುಡ್ಡಕ್ಕೆ ಹೋಗಿ ಬಂದರು, ಹುಬ್ಬಳ್ಳಿಗೆ ಹೋಗಿ ಬಂದರು. ಹುಬ್ಬಳ್ಳಿಯ ಡಾಕ್ಟರು ಆಟಿಸಂ ಎಂದಾಗ ಡಾಕಪ್ಪ ಕೇಳಿದ್ದು ಒಂದೇ: "ಎಷ್ಟು ಹಲ್ಲಿಗೆ ಹೋಗತೈತ್ರಿ ಇದು?" ದನದ ವಯಸ್ಸನ್ನು ಹಲ್ಲಿನಲ್ಲಿ ಎಣಿಸುವವನು, ಅಭ್ಯಾಸಬಲ. ಡಾಕ್ಟರು ಹಲ್ಲಿನ ಡಾಕ್ಟರರ ಹೆಸರು ಬರೆದುಕೊಟ್ಟರು.

ತಪ್ಪು ಯಾರದೆಂಬುದು ಓಣಿಯಲ್ಲಿ ಎಂದೋ ತೀರ್ಮಾನವಾಗಿತ್ತು. ಪ್ರೇಮವ್ವ ಬಸುರಿಯಿದ್ದಾಗಲೂ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು, ಖಾರ ಹೊಟ್ಟೆಗೆ ಇಳಿದು ಕೂಸಿನ ನಾಲಿಗೆ ಸುಟ್ಟಿತು. ಹೀಗೆ ಹೇಳುವ ಹೆಂಗಸರೂ ಬಸುರಿಯಿದ್ದಾಗ ಅದೇ ಅಂಗಳದಲ್ಲಿ ಕುಳಿತು ಅದೇ ತೊಟ್ಟು ಬಿಡಿಸಿದವರು. ಅವರ ಮಕ್ಕಳ ಬಾಯಿ ಮುಚ್ಚಿಸುವುದೇ ಕಷ್ಟ, ಅದು ಬೇರೆ ಮಾತು.

ಒಂದು ದಿನ ಹುಡುಗಿ ಅಂಗಳದಿಂದ ಎದ್ದು ರಸ್ತೆಗೆ ನಡೆದಳು. ಮೆಣಸಿನಕಾಯಿ ಚೀಲ ಹೇರಿಕೊಂಡು ಬಂದ ಲಾರಿ ಒಂದು ಮಾರು ದೂರದಲ್ಲಿ ನಿಂತಿತು. ಡ್ರೈವರ್ ಇಳಿದು ಬಂದು ಓಡಿ ಬಂದ ಪ್ರೇಮವ್ವನ ಕೆನ್ನೆಗೆ ಹೊಡೆದ. ಓಣಿಯವರು ಅವನಿಗೆ ನೀರು ಕೊಟ್ಟು ಸಮಾಧಾನ ಮಾಡಿದರು, ಪಾಪ, ಗಾಬರಿಯಾಗಿದ್ದ. ಮರುದಿನ ಡಾಕಪ್ಪ ಸಂತೆಯಿಂದ ಕರುವಿಗೆ ಹಾಕುವ ನೂಲಿನ ಹಗ್ಗ ತಂದ, ಇದ್ದುದರಲ್ಲೇ ಮೆತ್ತಗಿದ್ದದ್ದು. ಪ್ರೇಮವ್ವ ಅದಕ್ಕೆ ಹಳೆಯ ಸೀರೆಯ ಬಟ್ಟೆ ಸುತ್ತಿ ಹೊಲಿದಳು. ಅಂದಿನಿಂದ ಆಕೆ ಕೆಲಸಕ್ಕೆ ಕುಳಿತಾಗ ಹಗ್ಗದ ಒಂದು ತುದಿ ಪಡಸಾಲೆಯ ಕಂಬಕ್ಕೆ, ಇನ್ನೊಂದು ತುದಿ ಮಗಳ ಕಾಲಿಗೆ. ಸೀಟು ಸಿಕ್ಕರೆ ಬೆಳಿಗ್ಗೆ ರಾಣೆಬೆನ್ನೂರಿನಿಂದ ವ್ಯಾನು ಬರುತ್ತದೆ. ಸಂಜೆಯವರೆಗೆ ಹಗ್ಗವಿಲ್ಲ. ಪ್ರೇಮವ್ವನಿಗೆ ಬೇಕಾದದ್ದು ಇಷ್ಟೇ. ಸೀಟಿನ ಸುದ್ದಿ ಕೇಳಿದ ದಿನವೇ ಆಕೆ ಶಾಲೆಯ ಚೀಲವೊಂದನ್ನು ಹೊಲಿದು ಗೂಟಕ್ಕೆ ನೇತುಹಾಕಿದ್ದಳು.

ನಾವು ಹೋದಾಗ ಅಂಗಳದ ತುಂಬ ಮೆಣಸಿನಕಾಯಿ, ಅದರ ಸುತ್ತ ಹೆಂಗಸರು. ನಾನು ಸೀನುತ್ತಲೇ ಒಳಗೆ ಹೋದೆ. ಸಲ್ಮಾ ಮೇಡಂ ಮೊದಲ ವಾಕ್ಯ ಓದಿ ಅಂಕಿ ಕೇಳಿದರು. ಡಾಕಪ್ಪ ಅಂಗಳದ ಕಡೆ ನೋಡಿದ. ಅಲ್ಲಿ ತೊಟ್ಟು ಮುರಿಯುವ ಸದ್ದು ನಿಂತಿತ್ತು.

"ಬಾಯಿಲೆ ಹೇಳಂಗಿಲ್ಲರಿ ಮೇಡಮ್ಮರ. ಬೆರಳಿಲೆ ಹೇಳತೇನಿ. ಆದರ ಹೆಣಮಕ್ಕಳ ಕೈ ಹಿಡಿಯಾಕ ಬರಂಗಿಲ್ಲ. ಸರ ಕುಂದರಲಿ."

ಹೀಗೆ ನಾನು ಅಳತೆಗೋಲಾದೆ. ವಲ್ಲಿಯ ಕೆಳಗೆ ಅವನ ಒರಟು ಕೈ ನನ್ನ ಸೀಮೆಸುಣ್ಣದ ಕೈಯನ್ನು ಹಿಡಿಯಿತು. ನಾನು ನನ್ನ ವಾಕ್ಯಗಳನ್ನು ಮನುಷ್ಯರ ಮಾತಿಗೆ ಇಳಿಸಿ ಹೇಳುತ್ತ ಹೋದೆ.

"ಮಗಳಿಗಿರೋದು ಭಾಳ ದಿನ ಇರೂವಂಥಾದ್ದು ಅಂತೀರೇನು?" ಒಂದು ಬೆರಳು.

"ಇದರಿಂದ ನಿಮ್ಮ ಬದುಕಿಗೆ ತ್ರಾಸ ಆಗೇತಿ?" ಒಂದು ಬೆರಳು.

"ಮಗಳು ನಿಮ್ಮ ಹಿಡಿತದಾಗ ಇದಾಳ?"

ಐದೂ ಬೆರಳು. ಜೊತೆಗೆ ಬಾಯಿಮಾತೂ ಬಂತು. "ಹಗ್ಗ ಐತೆಲ್ಲರಿ."

ಅಳತೆ ಮುಗಿಯುವ ಹೊತ್ತಿಗೆ ಡಾಕಪ್ಪನಿಗೆ ಹುರುಪು ಬಂದಿತ್ತು. ಮಗಳನ್ನು ಬೆಳಕಿಗೆ ತಂದು ನಿಲ್ಲಿಸಿ, "ನೋಡ್ರಿ ಮೇಡಮ್ಮರ, ಕೈಕಾಲು ಗಟ್ಟಿ ಅದಾವು, ಕಣ್ಣು ಚಲೋ ಅದಾವು. ಹಾಯೂದಿಲ್ಲ, ಒದಿಯೂದಿಲ್ಲ. ಬಾಯಿ ತಗಸ್ಲೇನ್ರಿ?" ಎಂದ. ಸುಶ್ಮಿತಾ ಸಲ್ಮಾ ಮೇಡಂ ಅವರ ಮಣಿಕಟ್ಟು ಹಿಡಿದು, ಅವರ ಕೈಯನ್ನು ಒಯ್ದು ತನ್ನ ಕಾಲಿಗೆ ಕಟ್ಟಿದ ಹಗ್ಗದ ಗಂಟಿನ ಮೇಲೆ ಇಟ್ಟಳು. ಮೇಡಂ ಕೈ ಹಿಂದಕ್ಕೆ ತೆಗೆದುಕೊಂಡು ಪೆನ್ನು ಹಿಡಿದರು. ಅಳೆಯುವವರು ಅಳೆಯುವ ಮನೆಯಲ್ಲಿ ಕೈ ಹಾಕಬಾರದಂತೆ.

ಹದಿನೈದು ದಿನಕ್ಕೆ ಫಲಿತಾಂಶ ಬಂತು: ಪಾಲಕರು ಮಗುವಿನ ಸ್ಥಿತಿಯನ್ನೇ ಒಪ್ಪಿಕೊಂಡಿಲ್ಲ, ಸೀಟಿಲ್ಲ. ಡಾಕಪ್ಪ ನನ್ನ ಕಾಲೇಜಿಗೇ ಬಂದ. ಪಾಠ ಮಾಡುತ್ತಿದ್ದ ನನ್ನನ್ನು ಕಿಟಕಿಯಿಂದ ಕರೆದ, ಹುಡುಗರು ಅವನಿಗೆ ಋಣಿಗಳಾದರು.

"ಸರ, ಮದಲನೇ ಬೆರಳಿಗೆ ಯಾರರ ವ್ಯಾಪಾರ ಮುಗಸ್ತಾರೇನ್ರಿ? ನಾ ಒಂದು ಅಂದ್ರ ನೀವು ನಾಕು ಅನ್ನಬೇಕು. ಆಮ್ಯಾಲ ನಾ ಎರಡಕ್ಕ ಬರತೇನಿ, ನೀವು ಮೂರಕ್ಕ ಇಳೀತೀರಿ. ನೀವು ಎಮ್ಮಿ ತಗೊಂಡಂಗ ಹಿಡದ ಕೂಡಲೇ ಹೂಂ ಅಂದ್ರಿ."

ನಾನು ತಲೆ ಕೆರೆದುಕೊಂಡೆ. ಇಡೀ ಅಳತೆ ಅವನಿಗೆ ಚೌಕಾಸಿಯ ಮೊದಲ ಮಾತಾಗಿತ್ತು. ಕೊಡುವವನು ಐಬು ಮುಚ್ಚಬೇಕು, ಕೊಳ್ಳುವವನು ಹುಡುಕಬೇಕು. ನಾವು ಹುಡುಕಲೇ ಇಲ್ಲ. ಸಲ್ಮಾ ಮೇಡಂಗೆ ಫೋನ್ ಹಚ್ಚಿಕೊಟ್ಟೆ. ಅವರು ಒಳ್ಳೆಯವರು, ಮೇಲಿನವರ ಜೊತೆ ಜಗಳಾಡಿ ಇನ್ನೊಂದು ಅವಕಾಶ ಕೊಡಿಸುತ್ತೇನೆಂದರು, ಕೊಡಿಸಿದರು ಕೂಡ. "ಅಪ್ಪಾರ, ನಾವು ಚಲೋ ಹುಡುಗರನ್ನ ಆರಸಾಕತ್ತಿಲ್ಲ. ತ್ರಾಸ ಇದ್ದರ ತ್ರಾಸ ಐತಿ ಅಂತ ಬಿಚ್ಚಿ ಹೇಳ್ರಿ," ಎಂದರು.

ಫೋನ್ ಇಟ್ಟ ಡಾಕಪ್ಪನ ಮುಖ ಅರಳಿತು. "ಉಲ್ಟಾ ಪ್ಯಾಟಿ ಇದು. ಐಬು ಹೆಚ್ಚಿದ್ದಷ್ಟು ರೇಟು ಹೆಚ್ಚು. ಮದಲ ಹೇಳಬೇಕಿಲ್ಲೇನ್ರಿ?"

ಹಾಗಲ್ಲ ಎಂದು ನಾನು ಹೇಳಬಹುದಿತ್ತು. ಗಂಟೆ ಹೊಡೆಯಿತು, ಮುಂದಿನ ಪಾಠಕ್ಕೆ ಹೋದೆ.

ಎರಡನೇ ಅಳತೆ ರಾಣೆಬೆನ್ನೂರಿನ ಆಫೀಸಿನಲ್ಲಿ. ಸಂಸ್ಥೆಯ ಕಾರ್ಯದರ್ಶಿ ವಿಜಯಮಹಾಂತೇಶ ಮೂಲತಃ ಬೀಜದ ವ್ಯಾಪಾರಿ. ನೂರು ಬೀಜ ನೆನೆಸಿ ಎಷ್ಟು ಮೊಳೆಯುತ್ತವೆಂದು ನೋಡದೆ ಚೀಲದ ಬಾಯಿ ಹೊಲಿಯದ ಮನುಷ್ಯ. ಪಾಲಕರನ್ನು ಅಳೆಯುವ ವಿಚಾರವೂ ಅವರದೇ. ಡಾಕಪ್ಪ ವಲ್ಲಿಗೆ ಕೈ ಹಾಕಿದ್ದನ್ನು ನೋಡಿ, "ಅದೆಲ್ಲ ಬ್ಯಾಡ, ಬಾಯಿಲೆ ಹೇಳು. ನಾಕು ಮಂದಿಗೆ ಕೇಳಬೇಕು," ಎಂದರು. ನಾಲ್ಕು ಮಂದಿಯೆಂದರೆ ಅವರು, ನಾನು, ಸಲ್ಮಾ ಮೇಡಂ, ಮತ್ತು ಗೋಡೆಯ ಬದಿಗೆ ಮಗಳನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕುಳಿತ ಪ್ರೇಮವ್ವ. ಹೊಲಿದ ಚೀಲವನ್ನು ಆಕೆ ತಂದಿದ್ದಳು.

ಡಾಕಪ್ಪ ಗಂಟಲು ಸರಿಮಾಡಿಕೊಂಡ. ಹುಟ್ಟಿದ ಮೇಲೆ ಮೊದಲ ಸಲ ವ್ಯಾಪಾರದ ಅಂಕಿಯನ್ನು ಬಾಯಿಂದ ಹೇಳುವವನಿದ್ದ. ಕೇಳುವ ಕೆಲಸ ಮತ್ತೆ ನನ್ನದು, ಬರೆದುಕೊಳ್ಳುವುದು ಸಲ್ಮಾ ಮೇಡಂ ಅವರದು.

"ಮಗಳಿಗಿರೋದು ಎಂದೂ ಹೋಗಂಗಿಲ್ಲ ಅಂತೀರೇನು?"

"ಐದು. ಸಾಯೂತನಕ."

"ಇದರಿಂದ ನಿಮ್ಮ ಬದುಕು ಕೆಟ್ಟೇತಿ?"

"ಐದು. ಸಂತ್ಯಾಗ ತಲಿ ಎತ್ತಂಗಿಲ್ಲರಿ. ಮಾತಾಡದ ಮಾಲು ಅಂತಾರ ನನ್ನ ಮುಂದನ."

"ಮಗಳು ಸುಧಾರಿಸ್ತಾಳ ಅನ್ನೋ ಭರೋಸಾ ಐತೇನು?"

"ಒಂದು. ಅದನ್ನ ಕೇಳಬ್ಯಾಡ್ರಿ."

"ಈ ಮಗು ನಿಮಗೊಂದು ಶಿಕ್ಷೆ ಅನಿಸೇತಿ?"

ಅವನು ಹೆಗಲ ಮೇಲಿನ ವಲ್ಲಿಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದ. ಕಾರ್ಯದರ್ಶಿ ಗಡಿಯಾರ ನೋಡಿದರು.

"ಐದು," ಎಂದ ಡಾಕಪ್ಪ. "ಹುಟ್ಟಲೇಬಾರದಿತ್ತು."

ಒಳ್ಳೆಯ ಗಿರಾಕಿ ಸಿಕ್ಕಾಗಿನ ದನಿಯದು, ಏರಿದ್ದು ಇಳಿಯಲಿಲ್ಲ. ಕಣ್ಣು ಮಾತ್ರ ಗೋಡೆಯ ಕಡೆ ಹೋಗಲಿಲ್ಲ. ಪ್ರೇಮವ್ವ ಮಗಳ ಎರಡೂ ಕಿವಿ ಮುಚ್ಚಿ ಹಿಡಿದಿದ್ದಳು. ಆಫೀಸಿನಲ್ಲಿ ಮಿಕ್ಸರ್ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಆಕೆ ಎದ್ದು ನಿಂತಳು. "ನನ್ನ ಕೇಳಂಗಿಲ್ಲೇನ್ರಿ?"

"ಒಂದು ಮನಿಗೆ ಒಂದ ಅಳತಿ ಯವ್ವಾ," ಎಂದರು ವಿಜಯಮಹಾಂತೇಶ, ಬೇಸರವಿಲ್ಲದೆ. "ಯಜಮಾನರು ಹೇಳ್ಯಾರಲ್ಲ."

"ಅವರು ವ್ಯಾಪಾರ ಮಾಡ್ಯಾರ್ರಿ. ನಾ ಹೇಳತೇನಿ."

"ಹಂಗ ಇಬ್ಬಿಬ್ಬರು ಹೇಳಾಕ ಹತ್ತಿದರ ಲೆಕ್ಕ ಹತ್ತಂಗಿಲ್ಲ ಯವ್ವಾ. ಕೂಸಿಗೆ ನೀರು ಕುಡಸು."

ಸಲ್ಮಾ ಮೇಡಂ ತಲೆ ತಗ್ಗಿಸಿ ಅಂಕಿ ಕೂಡಿಸುತ್ತಿದ್ದರು. ನಾನು ಕಿಟಕಿಯ ಹೊರಗೆ ಹೆದ್ದಾರಿಯ ಲಾರಿಗಳನ್ನು ನೋಡಿದೆ. ನಗೆಬರಹಗಾರನಿಗೆ ಇಂಥ ಹೊತ್ತಿನಲ್ಲಿ ಕಿಟಕಿಯ ಹೊರಗೆ ಬಹಳ ಕೆಲಸವಿರುತ್ತದೆ.

ವಾಪಸು ಬರುವ ಬಸ್ಸಿನಲ್ಲಿ ಡಾಕಪ್ಪ ಹೆಂಡತಿಗೆ ವಿವರಿಸಿದನಂತೆ, ಹೀಗೆ ಹೀಗೆ, ಉಲ್ಟಾ ಪೇಟೆ, ಹಾಗೆ ಹೇಳದಿದ್ದರೆ ಸೀಟು ಸಿಗುವುದಿಲ್ಲ, ಅದು ಬರೀ ಅಂಕಿ ಎಂದು. ರಾತ್ರಿ ಊಟಕ್ಕೆ ಕುಳಿತು ಅವನು ವಲ್ಲಿ ಹೊದಿಸಿದ ಕೈ ಚಾಚಿದಾಗ ಆಕೆ ಮುಟ್ಟಲಿಲ್ಲ.

"ಬಾಯಿಲೆ ಹೇಳಾಕ ಕಲತೀರೆಲ್ಲ. ಹೇಳ್ರಿ, ಎಷ್ಟು?"

ಇದನ್ನು ನನಗೆ ಹೇಳಿದವನು ಡಾಕಪ್ಪನೇ. ಅಂದು ರೊಟ್ಟಿ ತಿಂದನೋ ಇಲ್ಲವೋ ಹೇಳಲಿಲ್ಲ.

ಫಲಿತಾಂಶ ಬಂತು. ಪಾಲಕರಿಗೆ ಮಗುವಿನ ಬಗ್ಗೆ ಭರವಸೆಯೇ ಇಲ್ಲ, ಇಂಥವರು ಅರ್ಧಕ್ಕೆ ಬಿಡಿಸುತ್ತಾರೆ, ಸೀಟಿಲ್ಲ. ಮೊದಲ ಸಲ ಬಹಳ ಕಡಿಮೆಯಾಗಿದ್ದ ಅಪ್ಪ ಈ ಸಲ ಬಹಳ ಹೆಚ್ಚಾಗಿದ್ದ. "ಎರಡು ಸಲ ನೆನಸಿ ನೋಡಿದಿವಿ, ಮೊಳೀಲಿಲ್ಲ," ಎಂದರು ವಿಜಯಮಹಾಂತೇಶ. ಕೊನೆಯ ಸೀಟು ಹಾವೇರಿಯ ವಕೀಲ ಕಿರಣಕುಮಾರರ ಮಗನಿಗೆ ಹೋಯಿತು. ಅವರು ಪ್ರತಿ ವಾಕ್ಯಕ್ಕೂ ನಡುವಿನ ಮೂರನ್ನೇ ಹಾಕಿದ್ದರು. ಇಂಥ ಸಮತೋಲನದ ಗ್ರಹಿಕೆ ಅಪರೂಪವೆಂದು ಸಂಸ್ಥೆಯವರು ಅವರಿಗೆ ಶಾಲು ಹೊದಿಸಿದರು. ಕಾರ್ಯಕ್ರಮ ಮುಗಿದ ಮೇಲೆ ನಾನು ಅವರನ್ನು ಬದಿಗೆ ಕರೆದು ಈ ಮೂರರ ಗುಟ್ಟು ಕೇಳಿದೆ.

"ಖರೇ ಹೇಳ್ಲೇನ್ರಿ ಸರ? ನಿಮ್ಮ ಕನ್ನಡ ಒಂದು ಸಾಲೂ ತಿಳೀಲಿಲ್ಲ. ನಮ್ಮ ಮನಿಗೆ ನೀವು ಬಂದಿರಲಿಲ್ಲಲ್ಲ, ಟಪಾಲಿನಾಗ ಬಂದಿತ್ತು. ನಡುವಿಂದಕ್ಕ ಹೊಡದ್ರ ಕೇಸು ಬೀಳಂಗಿಲ್ಲ ಅಂತ ಹೊಡದೆ."

ಇಪ್ಪತ್ತೈದು ವರ್ಷ ಕನ್ನಡ ಕಲಿಸಿದ್ದಕ್ಕೆ ಒಂದು ಮಗುವಾದರೂ ಶಾಲೆ ಸೇರಿತು ಎಂದು ಸಮಾಧಾನ ಮಾಡಿಕೊಂಡೆ.

ಸುದ್ದಿ ಮುಟ್ಟಿಸಲು ಬ್ಯಾಡಗಿಗೆ ನಾನೇ ಹೋಗಬೇಕಾಯಿತು. ಸಲ್ಮಾ ಮೇಡಂ, "ನನ್ನ ಕಡಿಂದ ಆಗಂಗಿಲ್ಲ ಸರ," ಎಂದು ಬಸ್‌ಸ್ಟ್ಯಾಂಡಿನವರೆಗೆ ಬಂದು ತಿರುಗಿ ಹೋದರು. ಅಂಗಳದಲ್ಲಿ ಹೆಂಗಸರು ತೊಟ್ಟು ಬಿಡಿಸುತ್ತಿದ್ದರು. ಪ್ರೇಮವ್ವ ನನ್ನ ಮುಖ ನೋಡಿದಳು, ಕೇಳುವುದು ಉಳಿಯಲಿಲ್ಲ. ಒಳಗೆ ಹೋಗಿ ಗೂಟದಲ್ಲಿದ್ದ ಚೀಲ ತಂದಳು. ಬಿಡಿಸಿದ ಮೆಣಸಿನಕಾಯಿಯನ್ನು ಅದಕ್ಕೆ ತುಂಬತೊಡಗಿದಳು.

"ಹೋಗಲಿ ಬಿಡ ಪ್ರೇಮವ್ವ," ಎಂದಳು ಪಕ್ಕದವಳು. "ಸಾಲಿಗೆ ಹಾಕಿದ್ದರ ಅಲ್ಲೇ ಕಟ್ಟತಿದ್ದರು. ಇಲ್ಲಿ ಕಟ್ಟಿದ್ದರ ಕಣ್ಣಮುಂದರ ಇರತಾಳ."

ಪ್ರೇಮವ್ವನ ಕೈ ಚೀಲ ತುಂಬುತ್ತಲೇ ಇತ್ತು.

ಡಾಕಪ್ಪ ಪಡಸಾಲೆಯ ಮೇಲೆ ಕುಳಿತಿದ್ದ. ವಲ್ಲಿ ಹೆಗಲ ಮೇಲಿರಲಿಲ್ಲ, ಮಡಚಿ ಮಗ್ಗುಲಿಗೆ ಇಟ್ಟುಕೊಂಡಿದ್ದ. ನಾನು ಪಕ್ಕದಲ್ಲಿ ಕುಳಿತೆ. ಮೊದಲ ಸಲದ ಒಂದು ಖರೇಯೋ, ಎರಡನೇ ಸಲದ ಐದು ಖರೇಯೋ ಎಂದು ಕೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಕೇಳಲಾಗಲಿಲ್ಲ. ಯಾವುದನ್ನು ಹೇಳಿದರೂ ನನ್ನ ಬಳಿ ಅದಕ್ಕೆ ಸೀಟಿರಲಿಲ್ಲ.

ಅಷ್ಟರಲ್ಲಿ ನನ್ನ ಮಣಿಕಟ್ಟಿನ ಮೇಲೆ ಒಂದು ಸಣ್ಣ ಕೈ ಬಂತು. ಸುಶ್ಮಿತಾ ನನ್ನ ಮುಖ ನೋಡದೆ ನನ್ನ ಕೈಯನ್ನು ಎತ್ತಿ, ಎಳೆದುಕೊಂಡು ಹೋಗಿ, ತನ್ನ ಕಾಲಿನ ಗಂಟಿನ ಮೇಲೆ ಇಟ್ಟಳು. ಬೆರಳಿನ ಮಾತು ತಿಳಿಯದೆ ಎಮ್ಮೆ ಕೊಂಡ ನನಗೂ ಈ ಮಾತು ತಿಳಿಯಿತು. ಗಂಟು ಬಿಗಿಯಾಗಿತ್ತು, ಸುತ್ತಿದ್ದ ಸೀರೆಯ ಬಟ್ಟೆ ಹೊಸದಾಗಿತ್ತು. ಹೊರಗೆ ಲಾರಿಯೊಂದು ಹೋಯಿತು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಆಕೆ ಮತ್ತೆ ತೆಗೆದುಕೊಂಡು ಹೋಗಿ ಅಲ್ಲೇ ಇಟ್ಟಳು. ನಾನು ಮತ್ತೆ ತೆಗೆದೆ. ಕೊನೆಗೆ ಎರಡೂ ಕೈಗಳನ್ನು ಫೈಲಿನ ಕೆಳಗೆ ಮುಚ್ಚಿಟ್ಟುಕೊಂಡು ಕುಳಿತೆ.

ಏನಾದರೂ ಮಾತಾಡಬೇಕೆಂದು ಅವಳಪ್ಪನ ಕಡೆ ತಿರುಗಿದೆ. "ಇನ್ನೇನು ಮಾಡಬೇಕಂತೀರಿ, ಡಾಕಪ್ಪ?"

"ಮಾಡೇನಲ್ರಿ ಸರ. ಉದ್ದನ್ನ ಹಗ್ಗ ಹಾಕೇನಿ, ಈಗ ಬೇವಿನ ಗಿಡದ ತನಕ ಹೋಗತಾಳ. ನೀವು ತಗೊಂಡು ಬಿಟ್ಟು ಹೋದ್ರೆಲ್ಲ, ಆ ಎಮ್ಮಿದು."